ಗಾಜಿನ ಮೇಜಿನ ಮೌಸ್

ಜನಕಪುರಿಯ ಎರಡನೇ ಮಹಡಿಯ ಮನೆಗೆ ಆ ದೊಡ್ಡ ಗಾಜಿನ ಊಟದ ಮೇಜು ಬಂದದ್ದು ಅಕ್ಕ ಶ್ರೀಲಕ್ಷ್ಮಿಗಾಗಿ. ಟೀಚರ್ ಕೆಲಸದಿಂದ ನಿವೃತ್ತಳಾದ ಮೇಲೆ ತುಮಕೂರು ಬಿಟ್ಟು ದೆಹಲಿಗೇ ಬಂದು ತಂಗಿಯ ಜೊತೆ ಇರುತ್ತೇನೆ ಅಂದಿದ್ದಳು ಅಕ್ಕ. ತಂಗಿ ರತ್ನಪ್ರಭಾ ಆ ಮಾತು ನಂಬಿ ಕೀರ್ತಿನಗರದ ಪೀಠೋಪಕರಣದ ಅಂಗಡಿಗಳಿಗೆ ಹೋಗಿ ಮೇಜು ಆರಿಸಿ ತಂದಳು. ಅಕ್ಕ ಬಂದದ್ದೂ ನಿಜ. ಆದರೆ ದೀಪಾವಳಿ ಕಳೆದು ಊರಿಗೆ ಊರೇ ಹೊಗೆಯಲ್ಲಿ ಮುಳುಗಿದಾಗ ಅವಳಿಗೆ ಹಿಡಿದ ಕೆಮ್ಮು ಬಿಡಲೇ ಇಲ್ಲ. "ಉಸಿರಾಡೋಕ್ಕಾದ್ರೂ ನಾನು ಊರಿಗೆ ಹೋಗ್ಬೇಕು ಕಣೇ" ಎಂದು ಹೊರಟುಹೋದಳು.

ರತ್ನಪ್ರಭಾ ಮದುವೆಯಾದವಳಲ್ಲ. ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್ ಆಗಿ ಅವಳೂ ನಿವೃತ್ತಳಾದಳು. ಹೊತ್ತು ಹೋಗದೆ, ಕನ್ನಡ ಸಂಘದ ಸ್ಮರಣಸಂಚಿಕೆಯ ಕರಡು ತಿದ್ದಿಕೊಡಲು ಒಪ್ಪಿಕೊಂಡು, ಖಾಲಿ ಬಿದ್ದಿದ್ದ ಆ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟಳು.

ಮೌಸ್ ಮಾತ್ರ ಮೊದಲ ದಿನದಿಂದಲೇ ಹಟ ಹಿಡಿಯಿತು. ತೆರೆಯ ಮೇಲಿನ ಬಾಣ ಒಂದು ಕಡೆ ಇಟ್ಟರೆ ಇನ್ನೊಂದು ಕಡೆ ನೆಗೆಯುತ್ತಿತ್ತು. ಒಂದು ಸಂಜೆ ಸಂಚಿಕೆಯ ಸಂಪಾದಕ ಮುರಳೀಧರ ನೋಯ್ಡಾದಿಂದ ಫೋನ್ ಮಾಡಿದ. "ಮೇಡಂ, ಅಧ್ಯಕ್ಷರ ಲೇಖನದಲ್ಲಿ ಒಂದು ಪ್ಯಾರಾನೇ ಇಲ್ಲವಲ್ಲ?"

ಬಾಣ ನೆಗೆದಾಗ ಅಳಿಸಿಹೋಗಿರಬೇಕು ಎಂದು ಹೊಳೆದು ಅವಳ ಮುಖ ಬಿಸಿಯಾಯಿತು. ಕೆಲಸ ಮಾಡಿದಷ್ಟು ವರ್ಷವೂ ಯಾರಿಂದಲೂ ಇಂಥ ಮಾತು ಕೇಳಿದವಳಲ್ಲ. ಮರುದಿನವೇ ಮಾರ್ಕೆಟ್ಟಿಗೆ ಹೋಗಿ ಹೊಸ ಮೌಸ್ ಕೊಂಡಳು.

"ಇದರ ಕೆಳಗಿಡೋಕೆ ಪ್ಯಾಡ್ ಬೇಕಾ ಭಯ್ಯಾ?"

ಅಂಗಡಿಯವನು ನಕ್ಕು ಹಿಂದಿಯಲ್ಲೇ ಹೇಳಿದ: "ಅದೆಲ್ಲ ಹೊಟ್ಟೆಯಲ್ಲಿ ಗುಂಡು ಉರುಳುತ್ತಿದ್ದ ಮೌಸಿನ ಕಾಲದ್ದು ಮೇಡಂ. ಈಗ ಯಾರು ಪ್ಯಾಡ್ ಇಡ್ತಾರೆ?" ತನ್ನ ಮರದ ಕೌಂಟರಿನ ಮೇಲೆ ಓಡಿಸಿ ತೋರಿಸಿದ. ಹೇಳಿದಂತೆ ಕೇಳಿತು. ಮನೆಗೆ ತಂದರೆ ಅದೇ ನೆಗೆತ. ತನ್ನ ಕೈಯೇ ನಡುಗುತ್ತಿದೆಯೇನೋ ಎಂದು ಅವಳು ಬೆರಳುಗಳನ್ನು ಚಾಚಿ ಬಹಳ ಹೊತ್ತು ನೋಡಿಕೊಂಡಳು. ಹೌದೋ ಅಲ್ಲವೋ ಎಂದು ಹೇಳಲು ಮನೆಯಲ್ಲಿ ಇನ್ನೊಬ್ಬರಿರಲಿಲ್ಲ.

ಕೊನೆಗೆ ಸಂಕೋಚ ಬಿಟ್ಟು ಮುರಳೀಧರನಿಗೇ ಹೇಳಿಕೊಂಡಳು.

"ಯಾವುದರ ಮೇಲೆ ಇಟ್ಟಿದ್ದೀರಿ ಮೇಡಂ?"

"ಊಟದ ಮೇಜು. ಗಾಜಿಂದು."

"ಅಯ್ಯೋ, ಅದೇ! ಮೌಸ್ ಅಡಿಯಿಂದ ಬೆಳಕು ಬಿಟ್ಟು ದಾರಿ ಗುರುತಿಸುತ್ತೆ, ಆ ಬೆಳಕು ಗಾಜಿನಿಂದ ಆಚೆಗೇ ಹೋಗಿಬಿಡುತ್ತೆ. ಮರದ ಮೇಲಾದ್ರೆ ಏನೂ ಬೇಡ, ಗಾಜಿನ ಮೇಲೆ ಮಾತ್ರ ಏನಾದ್ರೂ ಬೇಕೇ ಬೇಕು. ಪ್ಯಾಡೇ ಆಗ್ಬೇಕಂತಿಲ್ಲ, ಒಂದು ರಟ್ಟು ಸಾಕು."

ಫೋನ್ ಹಿಡಿದೇ ಸೀರೆಯ ರಟ್ಟಿನ ಡಬ್ಬಿಯ ಮುಚ್ಚಳ ಇಟ್ಟು ನೋಡಿದಳು. ಬಾಣ ತೆಪ್ಪಗೆ ನಿಂತಿತು.

"ಸರಿಹೋಯ್ತು ಕಣ್ರೀ! ಒಂದು ಭಾನುವಾರ ಮನೆಯವರನ್ನೂ ಕರ್ಕೊಂಡು ಊಟಕ್ಕೆ ಬನ್ನಿ. ಬಿಸಿಬೇಳೆಬಾತ್ ಮಾಡ್ತೀನಿ."

"ನೋಯ್ಡಾದಿಂದ ಜನಕಪುರಿ... ನೋಡೋಣ ಮೇಡಂ. ಮಿಕ್ಕ ಪುಟ ಮೇಲ್ ಮಾಡಿಬಿಡಿ, ಸಾಕು."

'ನೋಡೋಣ' ಅಂದರೆ ಏನೆಂದು ಅವಳಿಗೆ ಗೊತ್ತಿತ್ತು. ಅಕ್ಕನಿಗೆ ಫೋನ್ ಮಾಡಿದಳು.

"ಏನೇ ವಿಶೇಷ?"

"ಏನಿಲ್ಲ. ಮೌಸ್ ಸರಿಹೋಯ್ತು."

"ಇಲಿ ಸೇರ್ಕೊಂಡಿತ್ತಾ ಮನೆಗೆ?"

ಅಕ್ಕನೂ ನಕ್ಕಳು, ತಂಗಿಯೂ ನಕ್ಕಳು. ಪ್ಯಾರಾ ಹೋದದ್ದು, ಅಂಗಡಿಯವನು ಅಂದದ್ದು, ಕೈ ನಡುಕವೆಂದು ಹೆದರಿದ್ದು, ಎಲ್ಲವನ್ನೂ ರತ್ನಪ್ರಭಾ ಬಿಡಿಸಿ ಬಿಡಿಸಿ ಹೇಳಿದಳು. ಅಷ್ಟು ಉದ್ದ ಮಾತಾಡಿ ಎಷ್ಟೋ ದಿನವಾಗಿತ್ತು. ಅಕ್ಕ "ಒಲೆ ಮೇಲೆ ಹಾಲಿದೆ ಕಣೇ" ಎಂದಾಗ ಮಾತು ನಿಂತಿತು.

ಆಮೇಲೆ ಮನೆ ಮೊದಲಿಗಿಂತ ನಿಶ್ಶಬ್ದವೆನಿಸಿತು. ಕೆಳಗೆ ತರಕಾರಿ ಗಾಡಿಯವನು ಕೂಗುತ್ತಿದ್ದ. ಬೇಕಾದದ್ದೇನೂ ಇರಲಿಲ್ಲ. ಆದರೂ ಅವಳು ಚೀಲ ಹಿಡಿದು ಮೆಟ್ಟಿಲಿಳಿದಳು.