ಮನೆಯೊಡತಿ ಹೇಳದ ಒಂದು ಮಾತು

ಆಕೆ ಹಾಡಿದ ಆ ಸಂಜೆ ನಾನು ಸಭಾಂಗಣದಲ್ಲಿ ಇದ್ದೆನೋ, ಇಲ್ಲವೇ ಯಾರೋ ಹಾಕಿದ ವೀಡಿಯೊ ನೋಡಿ ಇದ್ದೆ ಅಂದುಕೊಂಡೆನೋ, ಈಗ ಹೇಳಲಾರೆ. ಖಚಿತವಾಗಿ ನೆನಪಿರುವುದು ಆಕೆಯ ಉಡುಪು. ಲಂಡನ್ನಿನ ಅಂಚಿನ ಪಿನ್ನರ್‌ನ ನನ್ನ ಮನೆಯೊಡತಿ ಜಿಪ್ಪಿಲ್ಲದ, ಗುಂಡಿಯಿಲ್ಲದ, ಒಗೆದೊಗೆದು ಮೆತ್ತಗಾದ ಹತ್ತಿಬಟ್ಟೆಯನ್ನೇ ತೊಡುತ್ತಿದ್ದಳು. ದನಿಮುದ್ರಣದ ಮೈಕಿಗೆ ಸರಪರ ಸದ್ದು ಕೇಳಬಾರದೆಂದು. ಬೆನ್ನ ಹಿಂದೆ ಬಂದು ನಿಂತರೂ ತಿಳಿಯುತ್ತಿರಲಿಲ್ಲ. ಎರಡು ವರ್ಷ ಆ ಮನೆಯ ಬಾಡಿಗೆ ಕೋಣೆಯಲ್ಲಿದ್ದೆ. ಒಂದು ದಿನವೂ ಆಕೆ ನನಗೆ ಹಿಡಿಸಲಿಲ್ಲ.

ಜಪಾನಿನಲ್ಲಿ ಆಕೆಯದು ದೊಡ್ಡ ಹೆಸರು. ಕಾರ್ಟೂನ್ ಸರಣಿಯೊಂದರ ತುಂಟ ಹುಡುಗನಿಗೆ ಮೂವತ್ತು ವರ್ಷ ದನಿ ಕೊಟ್ಟವಳು, ಅವನ ಹಾಡುಗಳನ್ನೂ ಹಾಡಿದವಳು. ಇಂಗ್ಲಿಷ್ ಗಂಡನನ್ನು ಮದುವೆಯಾಗಿ ಇಲ್ಲಿಗೆ ಬಂದ ಮೇಲೂ ಮಹಡಿಯ ಚಿಕ್ಕ ಕೋಣೆಯ ಗೋಡೆಗಳಿಗೆ ಹೊರಗಿನ ಸದ್ದು ಬಾರದಂತೆ ರಜಾಯಿ ಬಡಿದು, ಅಲ್ಲಿಂದಲೇ ದನಿಮುದ್ರಿಸಿ ಕಳಿಸುತ್ತಿದ್ದಳು. ಆ ಹೊತ್ತಿನಲ್ಲಿ ನಾನು ಕುಕ್ಕರ್ ಇಡುವಂತಿಲ್ಲ, ಕೆಮ್ಮುವಂತಿಲ್ಲ. ಬಾಗಿಲಿಗೆ ಬಂದ ಅಭಿಮಾನಿಗಳಿಗೆ ಜೇನಿನಂಥ ನಗು. ನನಗೆ ಫ್ರಿಜ್ ಮೇಲೆ ಚೀಟಿ. ನಲವತ್ತು ದಾಟಿದ ಗಂಡಸರು ಆಕೆಯ ಮುಂದೆ ಕಣ್ಣೊರೆಸಿಕೊಳ್ಳುವುದನ್ನು ಕಂಡಿದ್ದೇನೆ. ಜನಪ್ರಿಯತೆ ಎಂಬುದು ಒಂದು ಬಗೆಯ ಸಾಮೂಹಿಕ ಮಂಕು ಎಂದು ನಂಬಲು ನನಗೆ ಬೇರೆ ಪುರಾವೆ ಬೇಕಿರಲಿಲ್ಲ.

ಹತ್ತಿರದ ಸ್ಟ್ಯಾನ್ಮೋರ್‌ನಲ್ಲಿರುವ ನನ್ನ ಅಕ್ಕನ ಮಗಳು ಆ ಕಾರ್ಟೂನನ್ನು ಮೂಲ ಜಪಾನಿ ದನಿಯಲ್ಲೇ ನೋಡುತ್ತಿದ್ದಳು, ಆ ಹುಡುಗನೆಂದರೆ ಪ್ರಾಣ ಬಿಡುತ್ತಿದ್ದಳು. ಎಂಟು ವರ್ಷದ ಅವಳಿಗೆ ಸೋಮವಾರ ಕಿವಿಯ ಆಪರೇಷನ್ ಇತ್ತು. ಹೆದರಿ ಊಟ ಬಿಟ್ಟಿದ್ದಳು. ಅವನ ದನಿಯಲ್ಲಿ ಹೆದರಬೇಡ ಎಂಬ ಒಂದೇ ಮಾತು ಅವಳಿಗೆ ಬೇಕಿತ್ತು. ಅಲ್ಲಿಯವರೆಗೆ ಏನನ್ನೂ ಕೇಳದಿದ್ದ ನಾನು ಶನಿವಾರ ಬೆಳಿಗ್ಗೆ ಆಕೆಯ ಕೋಣೆಯ ಬಾಗಿಲು ತಟ್ಟಿ ಅದನ್ನು ಕೇಳಿದೆ. ಗಂಟಲು ಸರಿಯಿಲ್ಲ ಎಂದು ಬಾಗಿಲು ಹಾಕಿಕೊಂಡಳು.

ಅದೇ ಸಂಜೆ ಅಭಿಮಾನಿಗಳ ಸಮಾವೇಶದಲ್ಲಿ ಒಂದು ಗಂಟೆ ಹಾಡಿದಳು. ಹುಡುಗನ ಸಾಲುಗಳು ಬಂದಾಗಲೆಲ್ಲ ಮೈಕನ್ನು ಜನರತ್ತ ಚಾಚಿ, ತಾನು ಬಾಯಿ ಮುಚ್ಚಿ ನಿಂತು, ಅವರಿಂದಲೇ ಹಾಡಿಸಿದಳು. ಎಂಥ ಗತ್ತು ಅನ್ನಿಸಿತು.

ಮರುದಿನ ಅಡುಗೆಮನೆಯಿಂದ ಅಕ್ಕನಿಗೆ ಫೋನ್ ಮಾಡಿದೆ.

"ಮುದುಕಿಗೆ ಜಂಬ ಕಣಕ್ಕ. ಗಂಟ್ಲು ನೋವಂತೆ. ಸ್ಟೇಜ್ ಹತ್ತೋಕೆ ಮಾತ್ರ ನೋವಿಲ್ಲ."

ಫೋನಿನ ಸ್ಪೀಕರಿನಲ್ಲಿ ಕೇಳಿಸಿಕೊಂಡ ಅಕ್ಕನ ಮಗಳು ಎಂದಿನಂತೆ ಇಂಗ್ಲಿಷಿನಲ್ಲಿ ಕೇಳಿದಳು:

"ಡಿಡ್ ಯು ಸೇ ಪ್ಲೀಸ್, ಮಾಮ?"

ಆಗ ಬೆನ್ನ ಹಿಂದಿನಿಂದ ನನ್ನದೇ ದನಿ ಕೇಳಿತು. "ಮುದುಕಿಗೆ ಜಂಬ ಕಣಕ್ಕ." ಅದೇ ಏರಿಳಿತ, ಅದೇ ಮೈಸೂರಿನ ಎಳೆತ, ಕೊನೆಯ ಸಣ್ಣ ತಿರಸ್ಕಾರವೂ ಸೇರಿ. ತಿರುಗಿದರೆ ಮನೆಯೊಡತಿ. ಅರ್ಥ ತಿಳಿಯದು, ಹೇಳಿದ ರೀತಿ ತಿಳಿಯಿತು ಎಂದು ಇಂಗ್ಲಿಷಿನಲ್ಲಿ ಹೇಳಿ, ಚಹಾ ಸೋಸಿಕೊಂಡು ಹೋದಳು. ಇದನ್ನು ನಾನು ಬೆಳೆಸಿ ಹೇಳುತ್ತಿರಲೂಬಹುದು. ಅಕ್ಕನನ್ನು ಕೇಳಿದರೆ, ಆ ಮಾತನ್ನು ನೀನೇ ಎರಡು ಸಲ ಹೇಳಿದೆ ಅನ್ನುತ್ತಾಳೆ.

ಹುಡುಗಿ ಯಾರ ದನಿಯೂ ಇಲ್ಲದೆ, ಅಳುತ್ತಲೇ ಆಪರೇಷನ್‌ಗೆ ಹೋಗಿ ಗುಣವಾಗಿ ಬಂದಳು. ತಿಂಗಳ ಕೊನೆಗೆ ನಾನು ಕೋಣೆ ಬಿಟ್ಟೆ. ಕಳೆದ ಚಳಿಗಾಲದಲ್ಲಿ ಆಕೆ ತೀರಿಕೊಂಡ ಸುದ್ದಿ ಬಂದಾಗ ಅತ್ತವಳು ಆ ಹುಡುಗಿಯೇ. ನನಗೆ ಅಳು ಬರಲಿಲ್ಲ. ಒಂದು ಮಗುವಿಗೆ ಒಂದು ಮಾತು ಕೇಳಿದ್ದೆ, ಅಷ್ಟೆ. ಆಕೆ ಇಲ್ಲವೆಂದದ್ದನ್ನು ಈಗಲೂ ಕ್ಷಮಿಸಿದ್ದೇನೆ ಎನ್ನಲಾರೆ.

ಆಮೇಲೆ ಹಳೆಯ ಸುದ್ದಿಗಳನ್ನು ಹುಡುಕಿ, ಆಪರೇಷನ್ ಬಗೆಗಿನ ಅಕ್ಕನ ಮೆಸೇಜುಗಳ ದಿನಾಂಕದೊಂದಿಗೆ ತಾಳೆ ನೋಡಿದೆ. ಆ ಹುಡುಗನ ಪಾತ್ರವನ್ನು ಆಕೆಯಿಂದ ತೆಗೆದು ಕಿರಿಯ ನಟಿಯೊಬ್ಬಳಿಗೆ ಕೊಡಲಾಗಿದೆ, ಇನ್ನು ಮುಂದೆ ಅವನ ದನಿ ಆ ಹೊಸಬಳದೊಂದೇ, ಬೇರೆ ಯಾರೂ ಎಲ್ಲಿಯೂ ಆ ದನಿಯಲ್ಲಿ ಮಾತಾಡುವಂತಿಲ್ಲ ಎಂಬ ಪ್ರಕಟಣೆ ಹೊರಬಿದ್ದದ್ದು ನಾನು ಬಾಗಿಲು ತಟ್ಟಿದ ಶನಿವಾರಕ್ಕೆ ಎರಡು ದಿನ ಮೊದಲು.