ಪನ್ನಾಳದ ಮೂಲೆಯ ಕಲೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಆ ಸಿಟ್ಟಿಗೂ ನಮ್ಮ ಮನೆಯವರ ಮುರಿದ ಕಾಲಿಗೂ ಸಂಬಂಧವಿದೆ ಎಂಬುದು ಹುಮನಾಬಾದಿನ ನಮ್ಮ ಮನೆಯಲ್ಲಿ ಇಬ್ಬರಿಗೇ ಗೊತ್ತಿತ್ತು. ಅವರಿಗೆ, ಮತ್ತು ನನಗೆ.

ಮನೆ ಹೊಸದು. ಮುಂದಿನ ತಗಡಿನ ಚಾವಣಿಯ ಅಂಚಿಗೆ ಬಿಳಿ ಪ್ಲಾಸ್ಟಿಕ್ ಪಟ್ಟಿ, ಅದರ ಅಡಿಗೆ ಬಿಳಿ ಹಾಳೆಗಳು, ಮಳೆನೀರು ಹರಿದುಹೋಗಲು ಉದ್ದಕ್ಕೂ ಬಿಳಿ ಪನ್ನಾಳ. ಈ ಧೂಳಿನ ಊರಲ್ಲಿ ಬಿಳಿ ಬೇಡ ಎಂದು ಮೇಸ್ತ್ರಿ ಹೇಳಿದ್ದ. ನಾನು ಕೇಳಲಿಲ್ಲ. ಮೊದಲ ಮಳೆಗಾಲದಲ್ಲೇ ಬೇವಿನೆಲೆ ಬಿದ್ದು ಪನ್ನಾಳ ಕಟ್ಟಿಕೊಂಡಿತು. ನೀರು ಉಕ್ಕಿ ಪಟ್ಟಿಯ ಮೇಲೆಲ್ಲ ಕಪ್ಪು ಗೆರೆ ಇಳಿದವು. ಅವತ್ತು ಗಾಳಿ ಜೋರಿತ್ತು, ಅಂಗಳದ ಫರಸಿ ಕಲ್ಲು ಒದ್ದೆಯಾಗಿತ್ತು. ನಾಳೆ ಹತ್ತುತ್ತೇನೆ ಎಂದರು ಮನೆಯವರು. ನಿಮ್ಮ ನಾಳೆ ಯಾವತ್ತೂ ಬರುವುದಿಲ್ಲ ಎಂದು ನಾನು ಏಣಿಯನ್ನು ತಂದು ಗೋಡೆಗೆ ಒರಗಿಸಿಯೇ ಬಿಟ್ಟೆ. ಅವರು ಹತ್ತಿದರು, ಏಣಿ ಜಾರಿತು. ತೊಡೆಯ ಮೂಳೆ ಮುರಿದು ರಾಡ್ ಹಾಕಿದರು. ತಾನಾಗಿಯೇ ಹತ್ತಿದೆ ಎಂದು ಅವರು ತಮ್ಮ ತಾಯಿಗೆ ಹೇಳಿದರು.

ಬಸವಕಲ್ಯಾಣದಿಂದ ಅತ್ತೆ ಬಂದರು. ರೊಟ್ಟಿ ಬಡಿಯುವುದು, ಬಟ್ಟೆ ಒಗೆಯುವುದು ಎಲ್ಲವನ್ನೂ ಮೈಮೇಲೆ ಹಾಕಿಕೊಂಡರು. ಆದರೆ ಮಗ ಮಲಗಿದ್ದ ಕೋಣೆಗೆ ಮಾತ್ರ ಕಾಲಿಡುತ್ತಿರಲಿಲ್ಲ. ತಾಟನ್ನು ನನ್ನ ಕೈಗೆ ಕೊಟ್ಟು ಹೊಸ್ತಿಲ ಹೊರಗೆ ಗೋಡೆಗೆ ಮುಖ ಮಾಡಿ ನಿಂತು, "ಉಂಡನೇನು?" ಎಂದು ಕೇಳುತ್ತಿದ್ದರು. ಹೆತ್ತ ಮಗನ ಪಕ್ಕ ಒಂದು ಗಳಿಗೆ ಕೂರಲಾರದ ಇವರು ಯಾವ ಸೀಮೆಯ ತಾಯಿ ಎಂದು ನನಗೆ ಒಳಗೇ ಉರಿಯುತ್ತಿತ್ತು. ಡಾಕ್ಟರರು ಹಬ್ಬದ ಹೊತ್ತಿಗೆ ನಡೆಯುತ್ತಾರೆ ಎಂದಿದ್ದರು. ಹಬ್ಬ ಬಂದು ಹೋಯಿತು. ಮನೆಯವರು ಕೋಲು ಹಿಡಿದು ಎರಡು ಹೆಜ್ಜೆ ಹಾಕಿ ಕೂತುಬಿಡುತ್ತಿದ್ದರು.

ಪನ್ನಾಳದ ಸುದ್ದಿಯನ್ನು ಮನೆಯಲ್ಲಿ ಎತ್ತುವಂತಿರಲಿಲ್ಲ. ಆದರೆ ಆ ಕಪ್ಪು ಗೆರೆಗಳು ಗೇಟು ತೆಗೆದಾಗಲೆಲ್ಲ ನನ್ನನ್ನೇ ನೋಡುತ್ತಿದ್ದವು. ಅತ್ತೆ ಗುಡಿಗೆ ಹೋಗುವ ಭಾನುವಾರ ಬೆಳಿಗ್ಗೆ ಕಳ್ಳಿಯ ಹಾಗೆ ಮೇಜಿನ ಮೇಲೆ ಸ್ಟೂಲಿಟ್ಟು ಹತ್ತಿದೆ. ಪಾತ್ರೆ ಸೋಪಿನ ನೀರಿಗೆ ಅರ್ಧ ಹೋಯಿತು, ಅಡುಗೆ ಸೋಡಾ ಹಚ್ಚಿ ಬಿಟ್ಟು ತಿಕ್ಕಿದ ಮೇಲೆ ಉಳಿದರ್ಧವೂ ಹೋಯಿತು. ಒಂದು ಕಡೆ ಅವಸರಕ್ಕೆ ಸ್ಟೀಲಿನ ಜುಂಗು ಹಾಕಿ ತಿಕ್ಕಿ ಪಟ್ಟಿಗೆ ಗೀರು ಮಾಡಿದೆ. ಅಂತೂ ಬೆಳ್ಳಗಾಯಿತು.

ಮುಂದಿನ ವಾರ ನೋಡಿದರೆ ಬಲಗಡೆ ಮೂಲೆಯಲ್ಲಿ, ಪನ್ನಾಳದ ಅಡಿಗೆ, ರೂಪಾಯಿ ಅಗಲದ ಕಪ್ಪು ಕಲೆ. ಗೆರೆಯಲ್ಲ, ದುಂಡಗಿತ್ತು. ಪನ್ನಾಳ ಸೋರುತ್ತಿದೆಯೇ ಎಂದು ನೀರು ಹಾಕಿ ನೋಡಿದೆ, ಸೋರುತ್ತಿರಲಿಲ್ಲ. ಪಾರಿವಾಳವೇ? ಪಾರಿವಾಳ ತಲೆಕೆಳಗಾಗಿ ಕೂರುವುದಿಲ್ಲ. ಸೋಪಿಗೆ, ಸೋಡಾಕ್ಕೆ ಅದು ಜಗ್ಗಲಿಲ್ಲ. ಸೀಮೆಎಣ್ಣೆಯಲ್ಲಿ ಅರಿವೆ ಅದ್ದಿ ಅರ್ಧ ಗಂಟೆ ತಿಕ್ಕಿ ತೆಗೆದೆ. ಎಂಟು ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಬಂತು. ತೆಗೆದೆ. ಮೂರನೆಯ ಸಲ ಬಂದಾಗ ಒಂದರ ಬದಲು ಐದಿದ್ದವು. ನನಗೆ ತಲೆಬುಡ ತಿಳಿಯಲಿಲ್ಲ. ಎದುರುಮನೆಯವರು ಮಾಟ ಮಾಡಿಸುತ್ತಿದ್ದಾರೆಯೇ ಎನ್ನುವವರೆಗೆ ಬುದ್ಧಿ ಓಡಿತು. ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುವವಳು ನಾನು. ಐದನ್ನೂ ತಿಕ್ಕಿ ತೆಗೆದು ಇಳಿದೆ.

ಎರಡು ದಿನಕ್ಕೆ ಬೆರಳುಗಳಲ್ಲಿ ತುರಿಕೆ ಎದ್ದು ನೀರುಗುಳ್ಳೆಗಳಾದವು. ಸೀಮೆಎಣ್ಣೆಯದೇ ಕೆಲಸ ಎಂದುಕೊಂಡು ಔಷಧದ ಅಂಗಡಿಗೆ ಹೋದೆ. ಅಂಗಡಿಯಾತ ಕೈ ನೋಡಿ, "ಬಿಬ್ಬಾ ಹತ್ತ್ಯದರಿ ನಿಮಗ. ಯಾರಿಗರ ನಜರ್ ಆಗ್ಯದೇನ್ರಿ ಮನ್ಯಾಗ?" ಎಂದ.

ಬಿಬ್ಬಾ ಎಂದರೆ ಕರಿಗೇರಿನ ಕಾಯಿ. ಕಾಸಿದರೆ ಕಪ್ಪು ಎಣ್ಣೆ ಬಿಡುತ್ತದೆ. ಅಗಸರು ಬಟ್ಟೆಗೆ ಗುರುತು ಹಾಕುವುದು ಅದರಿಂದಲೇ, ನಜರ್, ಅಂದರೆ ಕೆಟ್ಟ ಕಣ್ಣು, ಬೀಳದಿರಲೆಂದು ಮನೆಗೆ ಬೊಟ್ಟು ಇಡುವುದೂ ಅದರಿಂದಲೇ. ನಾನು ಅಲ್ಲೇ ನಿಂತುಬಿಟ್ಟೆ. ನಾನು ಕಲೆ ಎಂದು ತಿಕ್ಕಿದ್ದು ಅತ್ತೆ ಇಟ್ಟ ದೃಷ್ಟಿಬೊಟ್ಟು. ನಾನು ಶಾಲೆಗೆ ಹೋದಾಗ ಕೋಲಿನ ತುದಿಗೆ ಹತ್ತಿ ಸುತ್ತಿ ಇಟ್ಟಿರಬೇಕು. ನಗು ಬಂತು, ಹೆದರಿಕೆಯೂ ಆಯಿತು. ಏನೆಂದು ಹೆದರಿದೆ ಎಂದರೆ ಹೇಳಲಾರೆ.

ಮನೆಗೆ ಬಂದರೆ ಅತ್ತೆ ಕೈಚೀಲ ಕಟ್ಟಿಕೊಂಡು ಪಡಸಾಲೆಯಲ್ಲಿ ಕೂತಿದ್ದರು.

"ಕಲ್ಯಾಣಕ್ಕ ಹೋಗಾಕತ್ತೇನಿ," ಎಂದರು. "ನಾ ಇಲ್ಲಿ ಇರಬಾರದವ್ವ. ಇದ್ದರ ಅವನ ಕಾಲು ನೆಟ್ಟಗಾಗಂಗಿಲ್ಲ."

"ಯಾಕ್ರಿ ಅತ್ತಿ?"

"ಮೂರು ಸಲ ಬೊಟ್ಟು ಇಟ್ಟೆ. ಎರಡು ಸಲ ಹೋಯ್ತು. ಕಡೀಕ ಐದು ಇಟ್ಟೆ, ಅವೂ ಅಳಿಸಿ ಹೋದವು. ಹೊರಗಿನವರ ಕಣ್ಣಿಗೆ ಬಿಬ್ಬಾ ಅಳಸಂಗಿಲ್ಲ. ಹಡದಾಕಿ ಕಣ್ಣಿಗೇ ಅಳಸೋದು." ಸೆರಗಿನಿಂದ ಬಾಯಿ ಒರೆಸಿಕೊಂಡರು. "ಮನಿ ಒಕ್ಕಲಾದ ದಿನ ಇವನ್ನ ಕಣ್ತುಂಬ ನೋಡಿದ್ದೆ ನಾ. ನನ್ನ ಮಗ ಎಂಥಾ ಮನಿ ಕಟ್ಯಾನ ಅಂತ. ಅದಕ್ಕ ಈಗ ನೋಡಂಗಿಲ್ಲ ಅವನ್ನ."

ಗುಳ್ಳೆ ಎದ್ದ ಕೈಯನ್ನು ಅವರ ಮುಂದೆ ಚಾಚಿದೆ.

"ಕಣ್ಣಲ್ಲರಿ. ನಾನೇ ಒರೆಸೀನ್ರಿ. ಸೀಮೆಎಣ್ಣಿ ಹಾಕಿ."

ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದರು. "ಎಲ್ಲಾ ಸಲ ನೀನೇ?"

"ಹೌದ್ರಿ."

ಅವರ ಮುಖ ಸಡಿಲವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಇಷ್ಟು ದಿನ ಹಿಡಿದುಕೊಂಡಿದ್ದ ಕಾರಣವೊಂದು ಕೈತಪ್ಪಿದವರಂತೆ ಸುತ್ತ ನೋಡಿದರು.

"ಹಂಗಾದ್ರ ಅವಾ ಯಾಕ ಬಿದ್ದ?" ಎಂದರು.

ಒಳಗಿನಿಂದ ಮನೆಯವರು ಕೆಮ್ಮಿದರು. ಸುಮ್ಮನಿರು ಎನ್ನಲು ಕೆಮ್ಮಿದರೋ, ಸುಮ್ಮನೆ ಕೆಮ್ಮು ಬಂತೋ ಇವತ್ತಿಗೂ ಗೊತ್ತಿಲ್ಲ. ಗಾಳಿಯಿದೆ, ನಾಳೆ ಹತ್ತುತ್ತೇನೆ ಎಂದವರನ್ನು ಹತ್ತಿಸಿದವಳು ನಾನು ಎಂದು ಹೇಳಿದೆ. ಏಣಿ ತಂದು ಇಟ್ಟವಳೂ ನಾನೇ ಎಂದೆ.

ಅತ್ತೆ ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ತಿರುಗಿ ಮಾತಾಡಲಾದರೂ ಬರುತ್ತಿತ್ತು. ನನ್ನ ಕೈ ಬಿಟ್ಟು, ಎದ್ದು, ಹೊಸ್ತಿಲು ದಾಟಿ ಮಗನ ಕೋಣೆಗೆ ಹೋದರು. ಮಂಚದ ಪಕ್ಕ ಕೂತು ಮಗನ ಮುಖವನ್ನೇ ನೋಡತೊಡಗಿದರು. ನಾನು ಹೊರಗೆ ಗೋಡೆಯ ಕಡೆ ತಿರುಗಿ ನಿಂತೆ.