ನಲವತ್ತೇಳನೇ ನಂಬರಿನ ಮಡಕೆ

ಪೀಣ್ಯದ ಆ ಕಬ್ಬಿಣದ ಎರಕದ ಫೌಂಡ್ರಿಗೆ ೧೯೯೬ರ ಏಪ್ರಿಲ್‌ನಲ್ಲಿ ಐಎಸ್‌ಒ ಗುಣಮಟ್ಟದ ಸರ್ಟಿಫಿಕೇಟಿನ ಹುಚ್ಚು ಹಿಡಿಯಿತು. ಅದು ಬಂದರೆ ಜರ್ಮನಿಯಿಂದ ಆರ್ಡರ್ ಬರುತ್ತದಂತೆ. ಮ್ಯಾನೇಜರ್ ಇರಣ್ಣನವರು ನೆಲದ ತುಂಬ ಹಳದಿ ಚೌಕ ಎಳೆಸಿ, ಒಂದೊಂದಕ್ಕೂ ನಂಬರ್ ಹಾಕಿಸಿದರು. ಪೊರಕೆಗೂ ಒಂದು ಚೌಕ, ಕಸದ ಬುಟ್ಟಿಗೂ ಒಂದು. ಚೌಕವಿಲ್ಲದ್ದೆಲ್ಲ ಹೊರಕ್ಕೆ. ಹಾಗೆ ಹೊರಬಿದ್ದದ್ದರಲ್ಲಿ ಫರ್ನೇಸಿನ ಹತ್ತಿರದ ಕಂಬದ ಬುಡದಲ್ಲಿದ್ದ ಕುಡಿಯುವ ನೀರಿನ ಮಡಕೆಯೂ ಒಂದು.

ಹತ್ತು ವರ್ಷದಿಂದ ಅದಕ್ಕೆ ನೀರು ತುಂಬುತ್ತಿದ್ದವಳು ಕಸ ಗುಡಿಸುವ ವೆಂಕಟಮ್ಮ. ಆ ಫೌಂಡ್ರಿ ನಿಂತ ನೆಲದಲ್ಲಿ ಅವಳ ಮಾವ ರಾಗಿ ಬೆಳೆದಿದ್ದ. ಇರಣ್ಣನವರ ಗತ್ತಿಗೆ ಬೆದರುವ ಜೀವವಲ್ಲ ಅದು.

"ನೀರು ಬೇಕಾದ್ರೆ ಕ್ಯಾಂಟೀನಿಗೆ ಹೋಗ್ಲಿ," ಎಂದರು ಇರಣ್ಣನವರು.

ಕ್ಯಾಂಟೀನು ಅಂಗಳದಾಚೆ. ಕರಗಿದ ಕಬ್ಬಿಣ ಬಿಟ್ಟು ಯಾರು ಹೋಗುತ್ತಾರೆ? ಇಂಥ ಬುದ್ಧಿವಂತಿಕೆ ಫ್ಯಾನಿನ ಕೆಳಗೆ ಕೂತವರಿಗೇ ಹೊಳೆಯುವುದು. ನಾಲ್ಕನೇ ದಿನ ಫರ್ನೇಸಿನ ಕೊಟ್ರಪ್ಪ ಕಣ್ಣು ಕತ್ತಲೆಗಟ್ಟಿ ಬಿದ್ದ. ಮೈ ಕಾದ ಹೆಂಚಾಗಿತ್ತು, ಮಾತು ತೊದಲುತ್ತಿತ್ತು. ವೆಂಕಟಮ್ಮ ಅವನನ್ನು ಹೊರಗಿನ ನೆರಳಿಗೆ ಎಳೆಸಿ, ನೆಲ ಒರೆಸುವ ಬಕೆಟ್ಟಿನ ನೀರನ್ನೇ ಮೈಮೇಲೆ ಸುರಿದಳು. ಎರಡು ದಿನ ಆಸ್ಪತ್ರೆಯಲ್ಲಿದ್ದು ಬಂದ. ಇನ್ನೊಂದು ಸಲ ಹೀಗಾದರೆ ಉಳಿಯುವುದು ಕಷ್ಟ ಎಂದಿದ್ದರು ಡಾಕ್ಟರು.

"ತಿಂಡಿ ತಿಂದಿರ್ಲಿಲ್ಲ ಅನ್ಸುತ್ತೆ," ಎಂದರು ಇರಣ್ಣನವರು. ಥೂ, ಇವನೂ ಒಬ್ಬ ಮನುಷ್ಯನಾ ಎನ್ನಿಸಿತು ವೆಂಕಟಮ್ಮನಿಗೆ.

ಸರ್ಟಿಫಿಕೇಟಿಗಾಗಿ ಫೌಂಡ್ರಿಯ ತಪಾಸಣೆಗೆ ಆಡಿಟರ್ ಬರುವ ಹಿಂದಿನ ಸಂಜೆ ಅವಳು ಮಿಕ್ಕ ಪೇಂಟಿನ ಡಬ್ಬ ಹುಡುಕಿ ತಂದಳು. ದಿನಾ ರಂಗೋಲಿ ಎಳೆದ ಕೈ. ಕಂಬದ ಬುಡದಲ್ಲಿ ಚೌಕ ನೆಟ್ಟಗೆ ಬಂತು. ಉಳಿದವು ನಲವತ್ತಾರಕ್ಕೆ ಮುಗಿದಿದ್ದವು. ಇದಕ್ಕೆ ನಲವತ್ತೇಳು ಎಂದು ಬರೆದು, ಬೆಳಿಗ್ಗೆ ಮಡಕೆ ತುಂಬಿ ಕೂರಿಸಿದಳು.

"ಇದೇನು?" ಎಂದ ಆಡಿಟರ್.

ಇರಣ್ಣನವರು ಬೆವರಿದರು. ಆ ಫೌಂಡ್ರಿಯಲ್ಲಿ ಅವರು ಬೆವರಿದ್ದು ಅದೇ ಮೊದಲು. "ಶಾಖದಿಂದ ಕಾರ್ಮಿಕರ ರಕ್ಷಣೆ ಸಾರ್. ನಂದೇ ಐಡಿಯಾ."

ಆಡಿಟರ್ ಮೆಚ್ಚಿ ಬರೆದುಕೊಂಡ. ಅವನ ಕಾರು ಗೇಟು ದಾಟಿದ್ದೇ, "ತೆಗಿ ಅದನ್ನ!" ಎಂದು ಇರಣ್ಣನವರು ವೆಂಕಟಮ್ಮನನ್ನು ಗದರಿದರು.

"ಬರ್ಕೊಂಡೋಗವ್ರಲ್ಲ ಸಾರ್? ಆರು ತಿಂಗ್ಳಿಗೆ ತಿರ್ಗಾ ಚೆಕ್ ಮಾಡಕ್ಕೆ ಬಂದು ನಲವತ್ತೇಳು ಎಲ್ಲಿ ಅಂದ್ರೆ ಏನಂತೀರಾ?"

ಇರಣ್ಣನವರು ತಮ್ಮ ಫ್ಯಾನಿನ ಕೆಳಕ್ಕೆ ಹೋಗಿ ಕೂತರು.

ಕೊಟ್ರಪ್ಪ ಎರಡು ಲೋಟ ನೀರು ಕುಡಿದು ಆ ಚೌಕವನ್ನೇ ನೋಡಿದ. ಆರು ವರ್ಷದಿಂದ ಕಂಟ್ರಾಕ್ಟಿನಲ್ಲೇ ದುಡಿಯುತ್ತಿದ್ದವನು. ಕಾಯಂ ಆದವರಿಗೆ ಕೊಡುವ ಟೋಕನ್ ನಂಬರ್ ಅವನಿಗಿನ್ನೂ ಸಿಕ್ಕಿರಲಿಲ್ಲ.

"ಮಡಕೆಗೂ ನಂಬರ್ ಬಂತಲ್ಲಕ್ಕಾ. ನನಗ್ಯಾವಾಗ?"

"ಬಾ ಇಲ್ಲಿ," ಎಂದಳು ವೆಂಕಟಮ್ಮ. "ಡಬ್ಬದಾಗೆ ಇನ್ನೂ ವಸಿ ಪೇಂಟ್ ಐತೆ. ನಿನ್ ಸುತ್ತಾನೂ ಒಂದು ಚೌಕ ಎಳೀತೀನಿ."